ಪೈಪಿನ ಒಲೆಯ ಮಾಯಮ್ಮ

ಬೈರಾಪಟ್ಟಣದಲ್ಲಿ ಮಾಯಮ್ಮ ಎಂಬ ಹೆಸರಿನವರು ಮೂವರಿದ್ದರು. ಅವರಲ್ಲಿ ರೇಷ್ಮೆ ಬೆಳೆಯುವ ಪುಟ್ಟಸ್ವಾಮಿಯ ಹೆಂಡತಿಯನ್ನು ಊರವರು ಪೈಪಿನ ಒಲೆ ಮಾಯಮ್ಮ ಎಂದು ಕರೆಯುತ್ತಿದ್ದರು. ಒಂದು ಕಾಲಕ್ಕೆ ಆ ಹೆಸರು ಕೇಳಿದರೆ ಅವಳಿಗೆ ಹಿಗ್ಗಾಗುತ್ತಿತ್ತು. ಆಮೇಲಾಮೇಲೆ ಯಾರಾದರೂ ಹಾಗೆ ಕೂಗಿದರೆ, ಇವರ ಮನೆಯಲ್ಲಿ ಇನ್ನೇನು ಕೆಟ್ಟಿತೋ ಎಂದು ಅಳುಕಾಗುತ್ತಿತ್ತು.

ಆ ಹೆಸರು ಬಂದದ್ದು ತೊಂಬತ್ತೆಂಟನೇ ಇಸವಿಯಲ್ಲಿ. ಹೊಗೆ ಇಲ್ಲದ ಒಲೆ ಹಾಕುವುದನ್ನು ಹೆಂಗಸರಿಗೆ ಕಲಿಸುತ್ತೇವೆ, ಹತ್ತು ದಿನ ಚನ್ನಪಟ್ಟಣಕ್ಕೆ ಬನ್ನಿ ಎಂದು ಜಯಕುಮಾರ್ ಎಂಬ ಅಧಿಕಾರಿ ಊರಿಗೆ ಬಂದು ಹೇಳಿದರು. ಯಾವ ಮನೆಯವರೂ ಸೊಸೆಯನ್ನು ಕಳಿಸಲು ಒಪ್ಪಲಿಲ್ಲ. ಮಾಯಮ್ಮನಿಗೆ ಹೋಗುವ ಆಸೆ. ಅವಳ ಅತ್ತೆ ದೊಡ್ಡಲಕ್ಷ್ಮಮ್ಮನಿಗೆ ನಲವತ್ತು ವರ್ಷ ಒಲೆಯ ಮುಂದೆ ಕೂತು ಕೂತು ಕಣ್ಣಿನ ಅಂಚು ಸದಾ ಕೆಂಪಾಗಿರುತ್ತಿತ್ತು. ಬೆಳಿಗ್ಗೆ ಎದ್ದರೆ ಮೊದಲು ಕೇಳುತ್ತಿದ್ದದ್ದು ಅವಳ ಕೆಮ್ಮು, ಆಮೇಲೆ ಕೋಳಿ.

"ಒಲೆ ಹಾಕಾದು ಕಲಿಯಕ್ಕೆ ಚನ್ನಪಟ್ಣಕ್ಕೋಗ್ಬೇಕೇನಮ್ಮಿ? ನಮ್ಮವ್ವ ಯಾವ ಇಸ್ಕೂಲ್ನಾಗೆ ಕಲ್ತಿದ್ಲು?" ಎಂದು ಪುಟ್ಟಸ್ವಾಮಿ ನಕ್ಕ.

"ನಿಮ್ಮ ಹುಳಕ್ಕೆ ಹೊಗೆ ಆಗಕಿಲ್ಲ ಅಂತ ಬ್ಯಾರೆ ಕೋಣೆ ಕಟ್ಟುದ್ರಲ್ಲ," ಎಂದಳು ಮಾಯಮ್ಮ. "ಬೀಡಿ ಸೇದ್ಕೊಂಡು ಬಂದೋರ್‍ನ ಬಾಗ್ಲತ್ರಕ್ಕೂ ಬುಡಕಿಲ್ಲ. ಅತ್ತೆ ಮಾತ್ರ ಹೊಗೇಲೇ ಕೂತಿರ್‍ಬೇಕಾ?"

ರೇಷ್ಮೆ ಹುಳುವಿನ ಕೋಣೆಗೆ ಒಂದು ಎಳೆ ಹೊಗೆ ನುಗ್ಗಿದರೂ ಸೊಪ್ಪು ತಿನ್ನದೆ ತಲೆ ಎತ್ತಿ ನಿಲ್ಲುವ ಹುಳುಗಳನ್ನು ಪುಟ್ಟಸ್ವಾಮಿ ಕಂಡಿದ್ದ. ಮಾರನೆಯ ದಿನ ಅವನೇ ಅವಳನ್ನು ಬಸ್ಸಿಗೆ ಹತ್ತಿಸಿದ.

ಹತ್ತು ದಿನದಲ್ಲಿ ಮಾಯಮ್ಮ ಕಲಿತಳು. ಹುತ್ತದ ಮಣ್ಣು, ರಾಗಿ ಹೊಟ್ಟು, ಸಗಣಿ ಕಲಸಿ ಎರಡು ದಿನ ನೆನೆಹಾಕುವುದು. ಸೌದೆ ಇಡುವ ಬಾಯಿಯನ್ನು ಗೇಣಿನಲ್ಲಿ ಅಳೆಯುವುದು. ಕೆಳಗೆ ಗಾಳಿಯಾಡಲು ಕಬ್ಬಿಣದ ಜಾಲರಿ ಕೂರಿಸುವುದು. ಮೂರು ಪಾತ್ರೆಗಳ ಅಡಿಯಲ್ಲೂ ಬೆಂಕಿ ಹಾಯ್ದು ಕೊನೆಗೆ ಹೊಗೆಯೆಲ್ಲ ಸಿಮೆಂಟ್ ಪೈಪಿನಲ್ಲಿ ಮಾಡಿನ ಮೇಲಕ್ಕೆ ಹೋಗುವಂತೆ ಒಳದಾರಿ ಕೊರೆಯುವುದು. ಇದರಲ್ಲಿ ಎರಡು ಬೆರಳಿನ ಅಳತೆ ತಪ್ಪಿದರೂ ಹೊಗೆ ತಿರುಗಿ ಮನೆಯೊಳಕ್ಕೇ ಬರುತ್ತದೆ. ಅವಳು ಹಾಕಿದ ಒಲೆಯ ಮುಂದೆ ಜಯಕುಮಾರ್ ಕೂತು, ಹಸಿ ಸೌದೆ ಹಚ್ಚಿ ನೋಡಿ, "ನಿಮ್ಮ ಕೈಗೆ ಲೆಕ್ಕ ಗೊತ್ತಮ್ಮ" ಎಂದರು. ಓದು ಬರಹ ಇಲ್ಲದ ಮಾಯಮ್ಮ ಆ ಮಾತನ್ನು ಬಹಳ ವರ್ಷ ಮರೆಯಲಿಲ್ಲ.

ಮೊದಲ ಒಲೆ ಹಾಕಿದ್ದು ತನ್ನ ಮನೆಯಲ್ಲೇ. ದೊಡ್ಡಲಕ್ಷ್ಮಮ್ಮ ಮೂರು ದಿನ ಮುಖ ಗಂಟಿಕ್ಕಿಕೊಂಡು ಜಗುಲಿಯಲ್ಲಿ ಕೂತಿದ್ದಳು. ತಾನು ಮದುವೆಯಾಗಿ ಬಂದಾಗ ಅರಿಶಿನ ಕುಂಕುಮ ಇಟ್ಟು ಹಚ್ಚಿದ ಒಲೆಯನ್ನು ಸೊಸೆ ಹಾರೆಯಲ್ಲಿ ಕೀಳುವುದನ್ನು ಅವಳು ನೋಡಲಾರದಾಗಿದ್ದಳು. ನಾಲ್ಕನೆಯ ದಿನ ಹೊಸ ಒಲೆ ಒಣಗಿತು. ಹಿಪ್ಪುನೇರಳೆ ಕಡ್ಡಿ ಇಟ್ಟು ಹಚ್ಚಿದರೆ ಬೆಂಕಿ ಗುಂಯ್ ಎಂದು ಒಳಕ್ಕೆ ಎಳೆದುಕೊಂಡಿತು. ದೊಡ್ಡಲಕ್ಷ್ಮಮ್ಮ ಎಂದಿನಂತೆ ಸೆರಗನ್ನು ಕಣ್ಣಿಗೆ ಒತ್ತಿಕೊಳ್ಳಲು ಕೈಗೆ ತೆಗೆದುಕೊಂಡವಳು ಹಾಗೇ ಹಿಡಿದುಕೊಂಡು ಕೂತಳು. ಒರೆಸಿಕೊಳ್ಳುವುದಕ್ಕೆ ಏನೂ ಇರಲಿಲ್ಲ.

"ಹೊಗೆ ಎಲ್ಲೋಯ್ತು?" ಎಂದು ಕೇಳಿದಳು.

"ಆಚೀಕೆ ಹೋಯ್ತು ಅತ್ತೆ. ಬಂದು ನೋಡಿ."

ಇಬ್ಬರೂ ಹಿತ್ತಿಲಿಗೆ ಹೋಗಿ ನಿಂತು ಹೆಂಚಿನ ಮೇಲಿನ ಪೈಪಿನ ತುದಿಯನ್ನು ನೋಡಿದರು. ಮುದುಕಿ ಕತ್ತೆತ್ತಿಕೊಂಡು ಸಾರು ಉಕ್ಕುವ ತನಕ ಅಲ್ಲೇ ನಿಂತಿದ್ದಳು.

ಆಮೇಲಿನ ನಾಲ್ಕು ವರ್ಷ ಮಾಯಮ್ಮನ ಬದುಕಿನ ಒಳ್ಳೆಯ ವರ್ಷಗಳು. ಕಚೇರಿಯಿಂದ ಪೈಪು, ಜಾಲರಿ ಬರುತ್ತಿದ್ದವು; ಮಣ್ಣು ಮನೆಯವರದು, ಕೈ ಇವಳದು. ಸುತ್ತಲಿನ ಹಳ್ಳಿಗಳಲ್ಲದೆ ಕನಕಪುರದ ಆಚೆ ಉಯ್ಯಂಬಳ್ಳಿಯ ತನಕ ಬಸ್ಸಿನಲ್ಲಿ ಹೋಗಿ, ವಾರಗಟ್ಟಲೆ ಯಾರದೋ ಮನೆಯಲ್ಲಿ ಇದ್ದು ಒಲೆ ಹಾಕಿ ಬಂದಳು. ರಾಮನಗರದಲ್ಲಿ ರೇಷ್ಮೆಗೂಡಿನಿಂದ ನೂಲು ಬಿಚ್ಚುವ ವಜೀರಾ ಎಂಬಾಕೆ ತನ್ನ ಮನೆಗೂ ಹಾಕಿಸಿಕೊಂಡು, ಈದ್ ಹಬ್ಬಕ್ಕೆ ಪಾಯಸ ಕಳಿಸಿದ್ದಳು. ಬೈರಾಪಟ್ಟಣದ ದಿನಸಿ ಅಂಗಡಿ ಮರಿಸ್ವಾಮಿಯ ಹೆಂಡತಿ ವಿಮಲಮ್ಮ ಮಾತ್ರ ಮೊದಲು ಹಿಂದೆಮುಂದೆ ನೋಡಿದರು. ಅವರ ಮನೆಯಲ್ಲಿ ದಿನಾ ಲಿಂಗಪೂಜೆ, ನೈವೇದ್ಯ. ಅಡುಗೆಮನೆಗೆ ಬೇರೆಯವರನ್ನು ಬಿಡುವ ರೂಢಿ ಇಲ್ಲ. ಕೊನೆಗೆ, "ತಲೆ ಮೇಲೆ ನೀರು ಹುಯ್ಕಂಡು ಬಾ ಮಾಯಮ್ಮ" ಎಂದರು. ಅವಳು ಒದ್ದೆ ಕೂದಲಲ್ಲಿ ಹೋಗಿ ಒಲೆ ಹಾಕಿದಳು. ಒಲೆ ಹತ್ತಿಕೊಂಡ ದಿನ ವಿಮಲಮ್ಮ ಅವಳನ್ನು ಅಡುಗೆಮನೆಯಲ್ಲೇ ಕೂರಿಸಿ ಊಟಕ್ಕೆ ಬಡಿಸಿದರು.

ಎರಡು ಸಾವಿರದ ಎರಡರಲ್ಲಿ ಪೈಪು ಬರುವುದು ನಿಂತಿತು. ಮೊದಲು ತಡವಾಗಿದೆ ಅಂದುಕೊಂಡಳು. ಮೂರು ಸಲ ಕಚೇರಿಗೆ ಅಲೆದಳು. ಜಯಕುಮಾರ್‌ಗೆ ವರ್ಗವಾಗಿ, ಅವರ ಕುರ್ಚಿಯಲ್ಲಿ ಇನ್ನೊಬ್ಬರು ಕೂತಿದ್ದರು.

"ಆ ಸ್ಕೀಮು ನಿಂತೋಯ್ತಲ್ಲಮ್ಮ. ಮೇಲಿಂದಾನೇ ನಿಲ್ಸಿದ್ದಾರೆ."

"ಒಲೆಗಳು ಇನ್ನೂ ಉರೀತಾ ಅವೆ ಸಾ," ಎಂದಳು ಮಾಯಮ್ಮ. "ಪೈಪು ಒಡದ್ರೆ ಬ್ಯಾರೆ ಬೇಕಲ್ವಾ?"

"ಅದಕ್ಕೆ ನಾನೇನ್ ಮಾಡ್ಲಿ? ಇನ್ಮೇಲೆಲ್ಲ ಗ್ಯಾಸು."

ಗ್ಯಾಸು ಬರುವ ಮೊದಲು ಬೇರೆ ಏನೇನೋ ಬಂದವು. ಹೊಗೆ ತಾಗದ ಮಾಡಿನ ಬಿದಿರಿಗೆ ಕುಟ್ಟೆ ಹುಳು ಹಿಡಿಯಿತು. ಮುಂಚೆ ಹೊಗೆಗೆ ಕಪ್ಪಗೆ ಎಣ್ಣೆ ಹಚ್ಚಿದ ಹಾಗೆ ಇರುತ್ತಿದ್ದ ಗಳುಗಳು ಈಗ ಒಳಗೇ ಟೊಳ್ಳಾಗಿ, ಅನ್ನದ ತಟ್ಟೆಗೆ ಹಳದಿ ಹಿಟ್ಟು ಉದುರತೊಡಗಿತು. ಬಿತ್ತನೆಗೆಂದು ಒಲೆಯ ಮೇಲೆ ಕಟ್ಟಿದ್ದ ಅವರೆಕಾಯಿಗೆ ಹುಳ ಬಿತ್ತು. ನೀರಿನ ಕೊಳಾಯಿಯ ಹತ್ತಿರ ಹೆಂಗಸರು ಮಾಯಮ್ಮನನ್ನು ಹಿಡಿದು ಕೇಳಿದರು. ಹತ್ತು ದಿನದ ಕಲಿಕೆಯಲ್ಲಿ ಮಾಡಿನ ಮಾತು ಯಾರೂ ಆಡಿರಲಿಲ್ಲ. ಕೆಲವರು ಪೈಪನ್ನು ಕಿತ್ತು, ಹೊಗೆ ಮತ್ತೆ ಮನೆಯಲ್ಲೇ ಸುತ್ತಲಿ ಎಂದು ಬಿಟ್ಟುಕೊಂಡರು.

ಅದಾದ ಮೇಲೆ ಸೌದೆ ಬದಲಾಯಿತು. ಸೌದೆ ಆರಿಸುತ್ತಿದ್ದ ಗೋಮಾಳಕ್ಕೆ ಫ್ಯಾಕ್ಟರಿ ಬರುತ್ತದೆಂದು ತಂತಿಬೇಲಿ ಬಿತ್ತು. ಸೌದೆಯ ಬದಲಿಗೆ ಬಸವಯ್ಯ ಎಂಬವನು ಬಿಡದಿ ಕಡೆಯಿಂದ ಟ್ರ್ಯಾಕ್ಟರಿನಲ್ಲಿ ಪ್ಯಾಕಿಂಗ್ ಹಲಗೆ ತಂದು ಸುರಿಯಲಾರಂಭಿಸಿದ. ಬಣ್ಣ ಬಳಿದವು, ಗೋಂದು ಹಾಕಿ ಅಂಟಿಸಿದವು, ಪ್ಲಾಸ್ಟಿಕ್ ಹಾಳೆ ಮೆತ್ತಿಕೊಂಡವು. ಒಣಗಿದ ಹಲಗೆ, ಬೇಗ ಹತ್ತಿಕೊಳ್ಳುತ್ತದೆ, ಅಗ್ಗ ಬೇರೆ, ಎಲ್ಲರೂ ಕೊಂಡರು. ಅದರ ಹೊಗೆ ಗಂಟಲಲ್ಲಿ ಕಚ್ಚುತ್ತಿತ್ತು. ಅದರ ಮಸಿ ಟಾರಿನಂತೆ ಅಂಟು. ಮೂರು ತಿಂಗಳಿಗೊಮ್ಮೆ ಕಟ್ಟಿಕೊಳ್ಳುತ್ತಿದ್ದ ಪೈಪು ಮೂರು ವಾರಕ್ಕೇ ಕಟ್ಟಿಕೊಳ್ಳತೊಡಗಿತು.

ಮಾಯಮ್ಮ ಉದ್ದನೆಯ ಗಳುವಿನ ತುದಿಗೆ ಗೋಣಿಚೀಲ ಸುತ್ತಿಕೊಂಡು ಮನೆಮನೆಗೆ ಹೋಗಿ ಪೈಪು ಉಜ್ಜಿ ಬರುತ್ತಿದ್ದಳು. ಯಾರೂ ಕರೆದಿರಲಿಲ್ಲ, ಯಾರೂ ಬೇಡವೆನ್ನಲೂ ಇಲ್ಲ. ಮೈಯೆಲ್ಲ ಮಸಿ ಮಾಡಿಕೊಂಡು ಬಂದವಳನ್ನು ನೋಡಿ ಪುಟ್ಟಸ್ವಾಮಿ, "ಊರ ಹೊಗೇನೆಲ್ಲ ನೀನೇ ಹೊತ್ಕೊಂಡಿದ್ದೀಯಾ?" ಎನ್ನುತ್ತಿದ್ದ.

"ನಾನ್ ಹಾಕ್ದ ಒಲೆ ಅಲ್ವಾ," ಎನ್ನುತ್ತಿದ್ದಳು ಅವಳು.

ಎರಡು ಸಾವಿರದ ಆರರ ದೀಪಾವಳಿ ಹೊತ್ತಿಗೆ ವಿಮಲಮ್ಮನ ಸೊಸೆ ಶಾಂಭವಿಗೆ ಹೆಣ್ಣುಮಗು ಹುಟ್ಟಿತು. ರಮ್ಯಾ ಎಂದು ಹೆಸರಿಟ್ಟರು. ಮಾಗಡಿ ಕಡೆಯ ಕೆಂಪಾಪುರದ ತವರಿನಲ್ಲಿ ಬಾಣಂತನ ಮುಗಿಸಿಕೊಂಡು ಬಂದ ಮೇಲೆ ಮಗುವಿಗೆ ಉಬ್ಬಸ ಶುರುವಾಯಿತು. ಶಿವರಾತ್ರಿಯೊಳಗೆ ಎರಡು ಸಲ ಆಸ್ಪತ್ರೆಗೆ ಹೊತ್ತುಕೊಂಡು ಹೋದರು. ಹೊಗೆ ಇರುವ ಕಡೆ ಮಗುವನ್ನು ಇಡಬೇಡಿ ಎಂದು ಡಾಕ್ಟರು ಹೇಳಿ ಕಳಿಸಿದರು.

ಮಾಯಮ್ಮ ನೋಡಲು ಹೋದಳು. ಮಗುವಿನ ಜೋಲಿ ಅಡುಗೆಮನೆಯ ತೊಲೆಗೇ ಕಟ್ಟಿತ್ತು. ಆ ಮನೆಯಲ್ಲಿ ಮುಂದೆ ಅಂಗಡಿ, ನಡುವೆ ಒಂದು ಕೋಣೆ, ಹಿಂದೆ ಅಡುಗೆಮನೆ. ಶಾಂಭವಿಯ ಗಂಡ ವೀರೇಂದ್ರನಿಗೆ ಬಿಡದಿಯ ಕಾರ್ಖಾನೆಯಲ್ಲಿ ಕೆಲಸ. ಕಂಪನಿ ವ್ಯಾನು ಬರುವುದರೊಳಗೆ ಬುತ್ತಿ ಆಗಬೇಕು. ಶಾಂಭವಿ ನಸುಕಿಗೇ ಎದ್ದು, ಚಳಿಗೆ ಬಾಗಿಲು ಹಾಕಿಕೊಂಡು, ಒಂದು ಕೈಯಲ್ಲಿ ಜೋಲಿ ತೂಗುತ್ತ ಇನ್ನೊಂದು ಕೈಯಲ್ಲಿ ಹಲಗೆ ಚೂರು ಒಲೆಗೆ ತುರುಕುತ್ತಿದ್ದಳು. ಒಲೆಯ ಪೈಪು ಮೇಲೆ ಸೀಳು ಬಿಟ್ಟು ಮುರಿದಿತ್ತು. ಮಳೆನೀರು ಸುರಿಯುತ್ತದೆಂದು ಆ ತೂತಿಗೆ ಹಳೆ ಸೀರೆ ತುರುಕಿದ್ದರು.

ಮಾಯಮ್ಮ ಜೋಲಿಯನ್ನು ಬಿಡಿಸಿ ನೋಡಿದಳು. ಮಗು ನಿದ್ದೆಯಲ್ಲಿತ್ತು. ಉಸಿರೆಳೆದಾಗಲೆಲ್ಲ ಪಕ್ಕೆಲುಬಿನ ಕೆಳಗೆ ಚರ್ಮ ಗುಳಿ ಬೀಳುತ್ತಿತ್ತು.

"ಹಿತ್ಲಲ್ಲಿ ಮಾಡ್ಬಾರ್ದಾ ಅಡ್ಗೇಯ?" ಎಂದು ಕೇಳಿದಳು.

"ಹಿತ್ಲಲ್ಲಿ ಮಾಡಿದ್ನ ನೈವೇದ್ಯಕ್ಕೆ ಇಕ್ಕಕ್ಕಾಯ್ತದಾ ಮಾಯಮ್ಮ?" ಎಂದರು ವಿಮಲಮ್ಮ. ದನಿಯಲ್ಲಿ ಸಿಟ್ಟಿರಲಿಲ್ಲ, ಸುಸ್ತಿತ್ತು. "ನೀನೇ ಒಂದು ಪೈಪು ಹುಡುಕ್ಕೊಡು."

ಅವಳು ಹುಡುಕಿದಳು. ಚನ್ನಪಟ್ಟಣ, ರಾಮನಗರದ ಹಾರ್ಡ್‌ವೇರ್ ಅಂಗಡಿಗಳಲ್ಲಿ ಕೇಳಿದಳು. ಎಲ್ಲ ಕಡೆ ನೀರಿನ ಪ್ಲಾಸ್ಟಿಕ್ ಪೈಪು. ಬೆಂಕಿ ತಡೆಯುವ ಪೈಪು ಈಗ ಯಾರೂ ಕೇಳುವುದಿಲ್ಲ, ತರಿಸುವುದಿಲ್ಲ ಎಂದರು. ತಗಡು ಸುತ್ತಿಸಿ ತಂದು ಕೂರಿಸಿದಳು. ಬಣ್ಣದ ಹಲಗೆಯ ಬೆಂಕಿಗೆ ಅದು ಎರಡೇ ವಾರದಲ್ಲಿ ತೂತುಬಿತ್ತು. ಮಗುವನ್ನು ಮೂರನೆಯ ಸಲ ಆಸ್ಪತ್ರೆಗೆ ಸೇರಿಸಿದರು.

ಆ ದಿನ ಮನೆಗೆ ಬಂದು ಮಾಯಮ್ಮ ತನ್ನ ಒಲೆಯ ಮುಂದೆ ಕೂತಳು. ಇಡೀ ಊರಿನಲ್ಲಿ ಸೀಳು ಬಿಡದ ಪೈಪು ಉಳಿದಿದ್ದದ್ದು ಅವಳ ಮನೆಯಲ್ಲಿ ಮಾತ್ರ. ವಾರಕ್ಕೊಮ್ಮೆ ಉಜ್ಜಿ ಜೋಪಾನ ಮಾಡಿದ್ದಳು. ದೊಡ್ಡಲಕ್ಷ್ಮಮ್ಮ ಗೋಡೆಗೆ ಒರಗಿಕೊಂಡಿದ್ದಳು. ಸೊಸೆ ಪೈಪನ್ನು ನೋಡುತ್ತಿರುವುದು ಮುದುಕಿಗೆ ಕಂಡಿತು.

"ಬಿಚ್ಚು," ಎಂದಳು.

"ಏನ ಅತ್ತೆ?"

"ನಂಗೊತ್ತಾಯ್ತದೆ ಬುಡು. ಮಗಿಗೆ ಹಾಕು. ನಂದೇನು, ಆಗಿದ್ದು ಆಗೋಗೈತೆ."

ಪುಟ್ಟಸ್ವಾಮಿ ಏನಾದರೂ ಅನ್ನುತ್ತಾನೆ ಎಂದು ಮಾಯಮ್ಮ ಕಾದಳು. ಅವನು ಅವ್ವನ ಮುಖ ನೋಡಿದ, ಹೆಂಡತಿಯ ಮುಖ ನೋಡಿದ, ಏಣಿ ತಂದು ಗೋಡೆಗೆ ಒರಗಿಸಿ ಹೆಂಚು ಸರಿಸಿದ. ಇಬ್ಬರೂ ಸೇರಿ ಪೈಪನ್ನು ಇಳಿಸಿ, ಹೆಣ ಹೊತ್ತ ಹಾಗೆ ಮುಂದೊಬ್ಬರು ಹಿಂದೊಬ್ಬರಾಗಿ ಬೀದಿಯಲ್ಲಿ ಹೊತ್ತುಕೊಂಡು ಹೋದರು.

ಅದು ಕೆಲಸ ಮಾಡಿತು. ಆಸ್ಪತ್ರೆಯಿಂದ ಬಂದ ಮಗು ಹೊಗೆ ಇಲ್ಲದ ಮನೆಗೆ ಬಂತು. ಉಗಾದಿ ಕಳೆದು ತಿಂಗಳೊಳಗೆ ಕೆನ್ನೆ ತುಂಬಿಕೊಂಡಿತು. ಶಾಂಭವಿ ಮಗುವನ್ನು ಎತ್ತಿಕೊಂಡು ಮಾಯಮ್ಮನ ಮನೆಗೆ ಬಂದಾಗ, ಅವಳನ್ನು ಒಳಗೆ ಕರೆಯದೆ ಮಾಯಮ್ಮ ಜಗುಲಿಯಲ್ಲೇ ಕೂರಿಸಿ ಮಾತಾಡಿಸಿದಳು. ಒಳಗೆ ಒಲೆ ಉರಿಯುತ್ತಿತ್ತು. ಬಾಗಿಲಿನ ಮೇಲಿಂದ ಹೊಗೆ ಬಗ್ಗಿ ಬಗ್ಗಿ ಹೊರಗೆ ಬರುತ್ತಿತ್ತು. ಅದರ ಹಿಂದಿನಿಂದ ದೊಡ್ಡಲಕ್ಷ್ಮಮ್ಮನ ಕೆಮ್ಮು.

"ಅಜ್ಜಿಗೆ ಜಾಸ್ತಿ ಆಗೈತಾ ಮಾಯಕ್ಕ?" ಎಂದು ಶಾಂಭವಿ ಕೇಳಿದಳು.

"ಅದು ಮೊದ್ಲಿಂದ್ಲೂ ಇರೋದೆಯ," ಎಂದಳು ಮಾಯಮ್ಮ.

ಆ ಆಷಾಢದಲ್ಲಿ ಜೋರು ಗಾಳಿಮಳೆ. ಕುಟ್ಟೆ ತಿಂದು ಟೊಳ್ಳಾಗಿದ್ದ ಮರಿಸ್ವಾಮಿಯ ಅಡುಗೆಮನೆಯ ಮಾಡು ಒಂದು ಮೂಲೆಯಲ್ಲಿ ಕುಸಿಯಿತು. ಒಳಗೆ ಯಾರೂ ಇರಲಿಲ್ಲ, ಪುಣ್ಯ. ಇನ್ನು ಈ ಹೆಂಚಿನ ಸಹವಾಸವೇ ಬೇಡ ಎಂದು ಅವರು ಹಳೇ ಮಾಡನ್ನೆಲ್ಲ ಇಳಿಸಿ ಸಿಮೆಂಟಿನ ಮೋಲ್ಡ್ ಹಾಕಿಸಲು ಹೊರಟರು. ಮಾಯಮ್ಮನಿಗೆ ಸುದ್ದಿ ತಿಳಿದು ಓಡಿಹೋಗುವ ಹೊತ್ತಿಗೆ ಗಾರೆ ಕೆಲಸದ ವೆಂಕಟಯ್ಯ ಸರಳು ಕಟ್ಟುತ್ತಿದ್ದ. ಪೈಪು ನುಗ್ಗೆಮರದ ಬುಡದಲ್ಲಿ ಎರಡು ತುಂಡಾಗಿ ಬಿದ್ದಿತ್ತು. ಹೆಂಚು ಇಳಿಸುವಾಗ ಮೇಲಿಂದ ಜಾರಿತಂತೆ.

ಅವಳು ವೆಂಕಟಯ್ಯನ ಹತ್ತಿರ ಹೋಗಿ, "ಹೊಗೆ ಹೋಗಕ್ಕೆ ಮೇಲೆ ಒಂದು ತೂತು ಬುಟ್ಬುಡಣ್ಣ," ಎಂದಳು. "ಪೈಪಿಗೆ ಏನಾರ ಮಾಡ್ತೀನಿ."

"ಮೋಲ್ಡಿಗೆ ತೂತು ಬುಟ್ರೆ ನೀರು ಇಳಿತದಮ್ಮ. ನಾಳೆ ಸೋರುದ್ರೆ ನನ್ನೇ ಬೈಯ್ತಾರೆ."

"ಗೋಡೇಲಾರ ಬುಡಣ್ಣ?"

ವೆಂಕಟಯ್ಯ ಮರಿಸ್ವಾಮಿಯ ಕಡೆ ನೋಡಿದ. ಅವರು ಸಮಾಧಾನದಿಂದ, "ಗ್ಯಾಸಿಗೆ ಬರ್‍ಕೊಟ್ಟಿದ್ದೀನಿ ಮಾಯಮ್ಮ. ಇನ್ನೊಂದೆರಡು ತಿಂಗ್ಳು. ಆಮೇಲೆ ಹೊಗೇನೇ ಇರಕಿಲ್ವಲ್ಲ, ತೂತ್ಯಾಕೆ?" ಎಂದರು.

ಎರಡು ತಿಂಗಳೆಂದದ್ದು ಒಂದೂವರೆ ವರ್ಷವಾಯಿತು. ಅಷ್ಟು ದಿನವೂ ಹೊಸ ಅಡುಗೆಮನೆಯಲ್ಲಿ ನಾಲ್ಕು ಇಟ್ಟಿಗೆ ಇಟ್ಟು ಹಲಗೆ ಉರಿಸಿದರು. ಹೆಂಚಿನ ಮನೆಯಾದರೆ ಸಂದುಗೊಂದಿನಲ್ಲಿ ಹೊಗೆ ಒಂದಿಷ್ಟು ಆಚೆ ಹೋಗುತ್ತಿತ್ತು. ಮೋಲ್ಡಿನ ಕೆಳಗೆ ಅದು ಎಲ್ಲೂ ಹೋಗಲಾರದೆ ಸೊಂಟದ ಮಟ್ಟಕ್ಕೆ ಇಳಿದು ನಿಲ್ಲುತ್ತಿತ್ತು. ಸುಣ್ಣ ಬಳಿದ ಗೋಡೆ ಒಂದೇ ತಿಂಗಳಿಗೆ ಕಪ್ಪಾಯಿತು. ಮಗುವಿಗೆ ಮತ್ತೆ ಉಬ್ಬಸ ಬಂತು. ಈ ಸಲ ಬಂದದ್ದು ಹೋಗಲಿಲ್ಲ.

ದೊಡ್ಡಲಕ್ಷ್ಮಮ್ಮ ಮೋಲ್ಡ್ ಹಾಕಿದ ವರ್ಷದ ಕಾರ್ತಿಕದಲ್ಲೇ ಹಾಸಿಗೆ ಹಿಡಿದಳು. ಆಸ್ಪತ್ರೆಯಲ್ಲಿ ಎದೆಯ ಫೋಟೋ ತೆಗೆದು, "ಬೀಡಿ ಸೇದ್ತಿದ್ರಾ?" ಎಂದು ಕೇಳಿದರು. ಪುಟ್ಟಸ್ವಾಮಿ ಇಲ್ಲವೆಂದ. ಮಾಯಮ್ಮ ಮನೆಗೆ ಬಂದವಳೇ ಹಿತ್ತಿಲಿನ ಚಪ್ಪರದ ಕೆಳಗೆ ಬೇರೆ ಒಲೆ ಹೂಡಿದಳು. ಮಳೆಗೆ ಸೌದೆ ನೆನೆಯುತ್ತಿತ್ತು, ಗಾಳಿಗೆ ಉರಿ ಹಾರುತ್ತಿತ್ತು, ಆದರೂ ಒಳಗೆ ಮತ್ತೆ ಬೆಂಕಿ ಹಚ್ಚಲಿಲ್ಲ. ಅದರಿಂದ ಉಪಯೋಗವಾಗುವ ಕಾಲ ಮೀರಿತ್ತು. ಸಂಕ್ರಾಂತಿ ಕಳೆದು ವಾರಕ್ಕೆ ಮುದುಕಿ ತೀರಿಕೊಂಡಳು.

ಪೈಪು ಕೊಟ್ಟದ್ದರ ಬಗ್ಗೆ ಪುಟ್ಟಸ್ವಾಮಿ ಒಂದು ದಿನವೂ ಎತ್ತಿ ಆಡಲಿಲ್ಲ. ತಿಥಿ ಮುಗಿದ ಮೇಲೆ ಒಮ್ಮೆ ಸೊಪ್ಪು ಕತ್ತರಿಸುತ್ತ ಕೂತಿದ್ದವನು ಕುಡುಗೋಲು ನಿಲ್ಲಿಸಿ, "ಪೈಪು ಇದ್ದಿದ್ರೂ ಅವ್ವ ಹೋಗೋಳೆ ಕಣಮ್ಮಿ," ಎಂದ. ಮಾಯಮ್ಮ ತಲೆಯಾಡಿಸಿದಳು. ಅವನು ನಂಬಿ ಹೇಳಿದನೋ, ಅವಳಿಗಾಗಿ ಹೇಳಿದನೋ ಅವಳಿಗೆ ತಿಳಿಯಲಿಲ್ಲ. ಕೇಳುವ ಧೈರ್ಯವೂ ಬರಲಿಲ್ಲ.

ಎರಡು ಸಾವಿರದ ಎಂಟರ ಕೊನೆಯಲ್ಲಿ ವಿಮಲಮ್ಮನ ಮನೆಗೆ ಗ್ಯಾಸ್ ಬಂತು. ಮಾಯಮ್ಮ ಎಲ್ಲ ಕೆಲಸ ಬಿಟ್ಟು ನೋಡಲು ಹೋದಳು. ಕಡಪಾ ಕಲ್ಲಿನ ಕಟ್ಟೆಯ ಮೇಲೆ ಎರಡು ಬರ್ನರಿನ ಸ್ಟೌ, ಕೆಳಗೆ ಕೆಂಪು ಸಿಲಿಂಡರು. ಸಿಲಿಂಡರಿಗೆ ವಿಮಲಮ್ಮ ಕುಂಕುಮ ಇಟ್ಟಿದ್ದರು. ಕಡ್ಡಿ ಗೀರಿದರೆ ನೀಲಿ ಬೆಂಕಿ, ಒಂದು ಎಳೆ ಹೊಗೆ ಇಲ್ಲ. ಮಾಯಮ್ಮ ಬೆರಗಾಗಿ ನೋಡಿದಳು. ತಾನು ಹತ್ತು ವರ್ಷ ಮಣ್ಣು ಕಲಸಿ, ಮಸಿ ಉಜ್ಜಿದ್ದು ಇದಕ್ಕೇ ಅಲ್ಲವೇ ಎನ್ನಿಸಿ ಕಣ್ಣು ತುಂಬಿಬಂತು.

ಒಂದು ತಿಂಗಳು ಕಳೆದು ಸಂಜೆಹೊತ್ತು ಮತ್ತೆ ಆ ಕಡೆ ಹೋದರೆ ಬಾಗಿಲಲ್ಲೇ ಹೊಗೆ. ಸ್ಟೌ ಮೇಲೆ ಕಸೂತಿ ಹಾಕಿದ ಬಟ್ಟೆ ಹೊದಿಸಿತ್ತು. ಪಕ್ಕದಲ್ಲಿ, ನೆಲದ ಮೇಲೆ, ಇಟ್ಟಿಗೆಯ ಒಲೆಯಲ್ಲಿ ಮುದ್ದೆಗೆ ಎಸರು ಕುದಿಯುತ್ತಿತ್ತು.

"ಯಾಕೆ ಶಾಂಭವಿ?" ಎಂದಳು ಮಾಯಮ್ಮ.

"ಖಾಲಿಯಾದ್ರೆ ಇನ್ನೊಂದು ಬರಕ್ಕೆ ತಿಂಗ್ಳುಗಟ್ಲೆ ಆಯ್ತದೆ ಅಂತವ್ರೆ ಮಾಯಕ್ಕ. ಅವ್ರ ಡ್ಯೂಟಿ ಹೊತ್ತಿಗೆ ಬೆಳಿಗ್ಗೆ ಮಾತ್ರ ಹಚ್ಚಾದು. ಯಾರಾರ ಬಂದ್ರೆ ಟೀಗೆ." ಅವಳು ಹೊಗೆಗೆ ಮುಖ ತಿರುಗಿಸಿದಳು. "ಸಂಜೆ ಮುದ್ದೆ ಗ್ಯಾಸ್ನಾಗೆ ಬೇಯಕಿಲ್ಲ ಅಂತಾರೆ ಮಾವ. ನಾನೇನ್ ಮಾಡ್ಲಿ? ನೀವೇ ಒಂದ್ ಮಾತು ಹೇಳಿ."

ಮಾಯಮ್ಮ ಹೇಳಿದಳು. ವಿಮಲಮ್ಮನಿಗೆ ಹೇಳಿದಳು, ಅಂಗಡಿಯಲ್ಲಿ ಕೂತಿದ್ದ ಮರಿಸ್ವಾಮಿಗೂ ಹೇಳಿದಳು. ಅವರು ಒಳ್ಳೆಯ ಜನ. ಇಬ್ಬರೂ ಕೇಳಿಸಿಕೊಂಡರು, ಹೌದೆಂದರು. ಎರಡು ದಿನ ಸಂಜೆಯೂ ಗ್ಯಾಸ್ ಉರಿಯಿತು. ಮೂರನೆಯ ದಿನ ಮತ್ತೆ ಇಟ್ಟಿಗೆ ಒಲೆ.

ಅಲ್ಲಿಂದ ಮುಂದೆ ಮಾಯಮ್ಮ ಸಂಜೆ ಹುಳುವಿಗೆ ಸೊಪ್ಪು ಹಾಕಿ, ಕೈತೊಳೆದು, ವಿಮಲಮ್ಮನ ಮನೆಗೆ ಹೋಗುತ್ತಿದ್ದಳು. ಹಲಗೆಗೆ ಬೆಂಕಿ ಹಚ್ಚುವ ಮೊದಲೇ ಶಾಂಭವಿ ಮಗುವನ್ನು ಅವಳ ಕೈಗೆ ಕೊಡುತ್ತಿದ್ದಳು. ಎರಡು ತುಂಬಿದ ರಮ್ಯಾ ಓಡಲು ಹೋದರೆ ನಾಲ್ಕು ಹೆಜ್ಜೆಗೆ ನಿಂತು ಎದೆ ಎಳೆದುಕೊಳ್ಳುತ್ತಿತ್ತು. ಅದಕ್ಕೇ ಮಾಯಮ್ಮ ಎತ್ತಿಕೊಂಡೇ ಇರುತ್ತಿದ್ದಳು. ಬೀದಿಯ ತುದಿಯ ಅಶ್ವತ್ಥಕಟ್ಟೆಗೆ ಹೋಗಿ ಕೂತು, ಹೆದ್ದಾರಿಯಲ್ಲಿ ಹೋಗುವ ಬಸ್ಸು ಲಾರಿ ತೋರಿಸುತ್ತಿದ್ದಳು. ಮಗು ಅವಳ ಮೂಗುಬೊಟ್ಟು ಹಿಡಿದು ಆಡುತ್ತಿತ್ತು.

ಅಡುಗೆ ಆಗುವ ತನಕ ಅವಳು ಹಾಗೆ ಕೂತಿರುತ್ತಿದ್ದಳು. ಆಮೇಲೆ ಮನೆಯ ಕಡೆ ಬಂದು ಹೊಗೆ ಅಡಗಿದೆಯೇ ಎಂದು ಹೊಸ್ತಿಲಿನ ಆಚೆಯೇ ನಿಂತು ನೋಡುತ್ತಿದ್ದಳು. ಮಗುವನ್ನಾದರೆ ಎತ್ತಿಕೊಂಡು ಆಚೆ ಬರಬಹುದಿತ್ತು. ಒಳಗೆ ಮಬ್ಬಿನಲ್ಲಿ ಕೂತು ಮುದ್ದೆ ತಿರುವುತ್ತ, ಮುಖವನ್ನು ಭುಜಕ್ಕೆ ಒರೆಸಿಕೊಳ್ಳುತ್ತ, ಈಚೆಗೆ ಒಂದೊಂದೇ ಸಲ ಕೆಮ್ಮತೊಡಗಿದ್ದ ಶಾಂಭವಿಯನ್ನು ಹೇಗೆ ಆಚೆ ತರುವುದೋ ಅವಳಿಗೆ ತಿಳಿಯುತ್ತಿರಲಿಲ್ಲ.